ಇಬ್ಬರ ಬಂದೂಕಿಗೆ ಒಂದೇ ಮಾತು: ಮೊದಲ ತಂಡ ಪಂದ್ಯಕ್ಕೆ ಸಿದ್ಧರಾಗುವುದು ಹೇಗೆ?

"ಎಡ!" ಎಂದೆ. ಬಂಡೆಯ ಮೇಲೆ ಬೋರಲಾಗಿ ಮಲಗಿದ್ದ ಗೆಳೆಯ ಗುರಿಯನ್ನು ಎಡಕ್ಕೆ ಸರಿಸಿ ಮತ್ತೆ ಹೊಡೆದ. ಮಣ್ಣು ಗುರಿಯ ಉಕ್ಕಿನ ತಟ್ಟೆಯಿಂದ ಇನ್ನಷ್ಟು ಎಡಕ್ಕೆ ಎದ್ದಿತು. ಗುಂಡು ಎಡಕ್ಕೆ ಬಿತ್ತು ಎಂದು ನಾನು ಹೇಳಿದ್ದೆ, ಎಡಕ್ಕೆ ಹಿಡಿ ಎಂದು ಅವನಿಗೆ ಕೇಳಿಸಿತ್ತು. ನಾನು ತಿದ್ದಿ ಹೇಳುವಷ್ಟರಲ್ಲಿ ಸಮಯ ಮುಗಿದಿತ್ತು. ರೈಫಲ್ ಸರಿಯಿತ್ತು, ಲೆಕ್ಕ ಸರಿಯಿತ್ತು, ಗಾಳಿಯೂ ಅಂಥ ಕಷ್ಟ ಕೊಟ್ಟಿರಲಿಲ್ಲ. ನಮ್ಮನ್ನು ಸೋಲಿಸಿದ್ದು ಆ ಒಂದು ಪದ.

ಅಮೆರಿಕದ ಪಶ್ಚಿಮ ರಾಜ್ಯಗಳ ಗುಡ್ಡಗಾಡಿನಲ್ಲಿ ನಡೆಯುವ, ದೂರದ ಗುರಿಗೆ ರೈಫಲ್ ಹೊಡೆಯುವ ಈ ಪಂದ್ಯಗಳಲ್ಲಿ ಇಬ್ಬರದು ಒಂದು ತಂಡ. ಬೇಕಾದ್ದೆಲ್ಲವನ್ನೂ ಬೆನ್ನಿಗೆ ಹೊತ್ತು ಒಂದು ಠಾಣೆಯಿಂದ, ಅಂದರೆ ಹೊಡೆಯುವ ಜಾಗದಿಂದ, ಮತ್ತೊಂದಕ್ಕೆ ನಡೆಯಬೇಕು. ಗಂಟೆ ಹೊಡೆದ ಮೇಲೆ ಕೆಲವೇ ನಿಮಿಷಗಳಲ್ಲಿ ಪೊದೆ, ಬಂಡೆಗಳ ನಡುವಿನ ಉಕ್ಕಿನ ತಟ್ಟೆಗಳನ್ನು ಹುಡುಕಿ, ದೂರ ಅಳೆದು, ಸಿಕ್ಕ ನೆಲದಲ್ಲೇ ಆಸರೆ ಮಾಡಿಕೊಂಡು ಹೊಡೆಯಬೇಕು. ನ್ಯೂ ಮೆಕ್ಸಿಕೊದ ರಾಟನ್ ಊರಿನ ಬಳಿಯ ವಿಟಿಂಗ್ಟನ್ ಸೆಂಟರ್ ಇಂಥ ಆಟಕ್ಕೆ ಹೆಸರಾದ ನೆಲ. 33,000 ಎಕರೆಯಷ್ಟು ವಿಸ್ತಾರವಾದ ಆ ಜಾಗ ಸಮುದ್ರಮಟ್ಟದಿಂದ ಸುಮಾರು 6,600 ಅಡಿ ಎತ್ತರದಲ್ಲಿದೆ. ಕೈಲ್ ಮುಹೂರ್ತದ ದಿನ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವುದನ್ನು ಕೊಡಗಿನಲ್ಲಿ ನೋಡಿ ಬೆಳೆದವರಿಗೆ ಇದರ ರೋಮಾಂಚನವನ್ನು ವಿವರಿಸಬೇಕಿಲ್ಲ. ಇಲ್ಲಿ ಕಾಯಿ ಎಲ್ಲಿದೆ ಎಂಬುದನ್ನೂ ನೀವೇ ಹುಡುಕಬೇಕು, ಅಷ್ಟೆ.

ಮೊದಲು ಕಾನೂನು

ಅಲ್ಲಿರುವ ಕನ್ನಡಿಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಗೆಳೆಯರ ಮಾತು ನಂಬಿ ರೈಫಲ್ ಮುಟ್ಟಬೇಡಿ, ವಕೀಲರನ್ನು ಕೇಳಿ.

ನಿಮ್ಮ ಅಂಕಿಗಳು ನಿಮ್ಮವೇ ಆಗಿರಲಿ

ಪಂದ್ಯಕ್ಕೆ ಎರಡು ತಿಂಗಳಿರುವಾಗಲೇ ರೈಫಲ್ ಮತ್ತು ಗುಂಡಿನ ಜೋಡಿಯನ್ನು ನಿಗದಿ ಮಾಡಿ, ಆಮೇಲೆ ಬದಲಿಸಬೇಡಿ. 100 ಗಜದಲ್ಲಿ ಗುರಿ ಕೂರಿಸಿ, ಗುಂಡಿನ ವೇಗವನ್ನು ನೀವೇ ಅಳೆಯಿರಿ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಬೇರೆ ಯಾವುದೋ ನಳಿಗೆಯದು. ನಂತರ 600, 800, 1,000 ಗಜಗಳಲ್ಲಿ ಹೊಡೆದು, ಗುಂಡು ಎಷ್ಟು ಇಳಿಯುತ್ತದೆಂದು ಲೆಕ್ಕದ ಆ್ಯಪ್ ಹೇಳಿದ್ದಕ್ಕೂ ಉಕ್ಕು ಹೇಳಿದ್ದಕ್ಕೂ ತಾಳೆ ನೋಡಿ.

ಹೊಸಬರು ಮತ್ತೆ ಮತ್ತೆ ಎಡವುವುದು ಗಾಳಿಯ ಒತ್ತಡದಲ್ಲಿ. ಹವಾಮಾನದ ಆ್ಯಪ್ ತೋರಿಸುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ, ಹೆಚ್ಚುಕಡಿಮೆ 30 ಅಂಗುಲ ಪಾದರಸ. ರಾಟನ್ ಎತ್ತರದಲ್ಲಿ ನಿಜವಾಗಿ ಇರುವುದು ಸುಮಾರು 23.5. ಮೊದಲನೆಯದನ್ನೇ ನಿಂತಲ್ಲಿಯ ಒತ್ತಡವೆಂದು ಲೆಕ್ಕದ ಆ್ಯಪ್‌ಗೆ ತುಂಬಿದರೆ, 6.5 ಕ್ರೀಡ್‌ಮೋರ್ ಎಂಬ ಬಗೆಯ ರೈಫಲ್ ಗುಂಡು 1,000 ಗಜದಲ್ಲಿ ತಟ್ಟೆಯ ಮೇಲಿನಿಂದ ಎರಡಡಿಗೂ ಹೆಚ್ಚು ಎತ್ತರದಲ್ಲಿ ಹಾರಿಹೋಗುತ್ತದೆ. ತೆಳುಗಾಳಿಯಲ್ಲಿ ಗುಂಡಿಗೆ ತಡೆ ಕಡಿಮೆ. ಸ್ಥಳದಲ್ಲೇ ಒತ್ತಡ ಅಳೆಯುವ ಪುಟ್ಟ ಮಾಪಕ ಜೇಬಿನಲ್ಲಿರಲಿ. ಬ್ಯಾಟರಿ ಸತ್ತ ಗಳಿಗೆಗೆಂದು ಅದೇ ಅಂಕಿಗಳ ಕಾಗದದ ಚೀಟಿಯೊಂದು ತೋಳಿಗೆ ಕಟ್ಟಿರಲಿ.

ಗಾಳಿಯ ಅಡ್ಡತಳ್ಳಿಕೆಗೆ ಒಂದು ಬಾಯಿಲೆಕ್ಕವಿದೆ. ಸಮುದ್ರಮಟ್ಟದ ಸುಮಾರಿಗೆ 6.5 ಕ್ರೀಡ್‌ಮೋರ್ 'ಆರು ಮೈಲಿಯ ಬಂದೂಕು'. ಗಂಟೆಗೆ 6 ಮೈಲಿ ವೇಗದ ಗಾಳಿ ಪಕ್ಕದಿಂದ ನೇರವಾಗಿ ಬೀಸಿದರೆ, ಪ್ರತಿ 100 ಗಜಕ್ಕೆ 0.1 ಮಿಲ್ ತಿದ್ದುಪಡಿ. ಒಂದು ಮಿಲ್ ಎಂದರೆ ದೂರದ ಸಾವಿರದಲ್ಲೊಂದು ಭಾಗ. 600 ಗಜಕ್ಕೆ 0.6 ಮಿಲ್, ಅಂದರೆ 13 ಅಂಗುಲ. ಅಂದಾಜು 3 ಮೈಲಿ ತಪ್ಪಿದರೆ ಗುಂಡು ಆರೂವರೆ ಅಂಗುಲ ಸರಿಯುತ್ತದೆ, 12 ಅಂಗುಲದ ತಟ್ಟೆಯ ಅಂಚು ನಡುವಿನಿಂದ ಇರುವುದೇ ಆರು ಅಂಗುಲ ದೂರದಲ್ಲಿ. ಎತ್ತರ ಏರಿದಂತೆ ಈ 'ಆರು' ಏಳೋ ಎಂಟೋ ಆಗುತ್ತದೆ. ನಿಮ್ಮದೆಷ್ಟು ಎಂಬುದನ್ನು ಹೊಡೆದೇ ತಿಳಿಯಬೇಕು.

ಇಬ್ಬರ ಭಾಷೆ

ಅಭ್ಯಾಸದ ಅರ್ಧದಷ್ಟಾದರೂ ಸಮಯವನ್ನು ಇದಕ್ಕೇ ಕೊಡಿ. ಆ ಸೋಲಿನ ನಂತರ ನಾವಿಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಬಳಸುವ ಪ್ರತಿ ಪದವನ್ನೂ ಬರೆದುಕೊಂಡೆವು. ಒಂಟಿ 'ಎಡ', 'ಬಲ'ಗಳನ್ನು ಅಂದೇ ಕೈಬಿಟ್ಟೆವು. ಗುಂಡು ಎಲ್ಲಿ ಬಿತ್ತೆಂದು ನೋಟಗಾರ, ಅಂದರೆ ದುರ್ಬೀನಿನಲ್ಲಿ ನೋಡುತ್ತಿರುವವ, ಹೇಳುವುದೇ ಇಲ್ಲ. ಏನು ಮಾಡಬೇಕೆಂದಷ್ಟೇ ಹೇಳುತ್ತಾನೆ, ಅದೂ ಅಳತೆಯ ಸಮೇತ: "ಬಲ ನಾಲ್ಕು ಹಿಡಿ", ಅಂದರೆ 0.4 ಮಿಲ್. ಗುರಿಕಾರ ಅದನ್ನೇ ಮರಳಿ ಹೇಳಿ, "ಸಿದ್ಧ" ಎನ್ನಬೇಕು. ನೋಟಗಾರ "ಹೊಡಿ" ಎನ್ನುವವರೆಗೆ ಬೆರಳು ಬಂದೂಕಿನ ಕುದುರೆಗೆ ಹೋಗುವುದಿಲ್ಲ, ಏಕೆಂದರೆ ಆ ಕ್ಷಣದ ಗಾಳಿ ನೋಡುತ್ತಿರುವವನು ಅವನು.

'ಹೊಡಿ' ಎಂದ ಮೇಲೆ ನೋಟಗಾರ ಕಣ್ಣು ಮಿಟುಕಿಸುವಂತಿಲ್ಲ. 1,000 ಗಜಕ್ಕೆ ಗುಂಡು ತಲಪಲು ಒಂದೂವರೆ ಸೆಕೆಂಡು, ಉಕ್ಕಿನ ಟಣ್ ಸದ್ದು ಮರಳಿ ಬರಲು ಮತ್ತೆ ಎರಡೂವರೆಗೂ ಹೆಚ್ಚು. ಕಿವಿಗಾಗಿ ಕಾದರೆ ತಡವಾಗುತ್ತದೆ. ಟ್ರೈಪಾಡ್ ಮೇಲಿನ ದುರ್ಬೀನಿನಲ್ಲಿ, ಬಿಸಿಲುಗುದುರೆಯ ನಡುವೆ ನೀರಿನ ಗೆರೆಯಂತೆ ಗಾಳಿ ಸೀಳುತ್ತ ಹೋಗುವ ಗುಂಡಿನ ಜಾಡು ಕಾಣುತ್ತದೆ. ಅದು ಮೇಲಕ್ಕೇರಿ, ಬಾಗಿ, ತಟ್ಟೆಯತ್ತ ಇಳಿಯುವುದನ್ನು ಮೊದಲ ಸಲ ಕಂಡ ದಿನ ನಾನು ತಿದ್ದುಪಡಿ ಹೇಳುವುದನ್ನೇ ಮರೆತು ನೋಡುತ್ತ ಕುಳಿತಿದ್ದೆ.

ಹುಡುಕುವ ಅಭ್ಯಾಸಕ್ಕೆ ಬಂದೂಕೇ ಬೇಡ. ಒಬ್ಬರು ಗುಡ್ಡದ ಮೇಲೆ ಐದು ರಟ್ಟಿನ ಚೂರುಗಳನ್ನು ಅಡಗಿಸಿಡಲಿ, ಇನ್ನೊಬ್ಬರು ಮೂರು ನಿಮಿಷದಲ್ಲಿ ಹುಡುಕಿ, ದೂರ ಅಳೆದು, ಚಿತ್ರ ಬರೆಯಲಿ. "ಆ ಮರದ ಹತ್ತಿರ" ಎಂದರೆ ಸಾಲದು. "ಒಣಮರದ ಬುಡ, ಅಲ್ಲಿಂದ ಬಲಕ್ಕೆ ಐದು ಮಿಲ್, ಬಿಳಿಬಂಡೆಯ ಕೆಳಗೆ" ಎನ್ನಬೇಕು. ಲೇಸರ್ ಅಳತೆಗೋಲು ಮುಂದಿನ ಹುಲ್ಲನ್ನೋ ಹಿಂದಿನ ಗುಡ್ಡವನ್ನೋ ಅಳೆದು ಮೋಸ ಮಾಡುತ್ತದೆ. ತಟ್ಟೆಯನ್ನೂ ಅದರ ಬುಡದ ನೆಲವನ್ನೂ ಎರಡೆರಡು ಸಲ ಅಳೆದು ನೋಡಿ.

ಹೊರೆ

ರೈಫಲ್, ಟ್ರೈಪಾಡ್, ದುರ್ಬೀನು, ಗುಂಡು, ನೀರು ಎಲ್ಲ ಸೇರಿ ಹದಿನೈದು ಕಿಲೋ ಸುಲಭವಾಗಿ ದಾಟುತ್ತದೆ. ಅಷ್ಟೇ ಭಾರ ಹೊತ್ತು ವಾರಕ್ಕೆರಡು ಬಾರಿ ಏರುದಾರಿಯಲ್ಲಿ ನಡೆಯಿರಿ. ನಿಂತ ಕೂಡಲೇ, ಎದೆ ಹೊಡೆದುಕೊಳ್ಳುತ್ತಿರುವಾಗಲೇ, ಗುಂಡಿಲ್ಲದ ರೈಫಲ್‌ನೊಂದಿಗೆ ಕುಳಿತು ಗುರಿ ಹಿಡಿದು ಅಭ್ಯಾಸ ಮಾಡಿ. ಬೆನ್ನುಚೀಲವನ್ನೇ ಆಸರೆಯಾಗಿ ಬಳಸಲು ಕಲಿತರೆ ಒಂದು ದಿಂಬಿನ ಭಾರ ಉಳಿಯುತ್ತದೆ.

ಪಂದ್ಯದ ದಿನ

ಗುಂಡಿನ ಕೋಣೆ ಖಾಲಿ, ಬೋಲ್ಟ್ ತೆರೆದು ಬಣ್ಣದ ಸೂಚಕ ಸಿಕ್ಕಿಸಿದೆ, ನಳಿಗೆ ಸುರಕ್ಷಿತ ದಿಕ್ಕಿನಲ್ಲಿದೆ: ನಡೆಯುವಾಗ ಇದಿಷ್ಟನ್ನೂ ಒಬ್ಬರು ಇನ್ನೊಬ್ಬರದನ್ನು ನೋಡಿಕೊಳ್ಳಬೇಕು. ಇದರಲ್ಲಿ ತಪ್ಪಿದರೆ ಮನೆಗೆ ಕಳುಹಿಸುತ್ತಾರೆ, ಕಳುಹಿಸಲೇಬೇಕು. ಯಾರು ಯಾವ ಕ್ರಮದಲ್ಲಿ ಹೊಡೆಯಬೇಕೆಂಬ ನಿಯಮ ಪಂದ್ಯದಿಂದ ಪಂದ್ಯಕ್ಕೆ ಬೇರೆ. ಹಿಂದಿನ ರಾತ್ರಿ ನಿಯಮಾವಳಿಯನ್ನು ಇಬ್ಬರೂ ಗಟ್ಟಿಯಾಗಿ ಓದಿಕೊಳ್ಳಿ.

ಪ್ರತಿ ಠಾಣೆ ಮುಗಿದ ಮೇಲೆ, ಮುಂದಿನದಕ್ಕೆ ಹೆಜ್ಜೆಯಿಡುವ ಮುನ್ನ, ಎರಡು ನಿಮಿಷ ನಿಂತು ಬರೆಯಿರಿ: ಹೇಳಿದ ಗಾಳಿ ಎಷ್ಟು, ತಾಗಿದ್ದು ಎಷ್ಟು ಹಿಡಿದಾಗ, ಯಾವ ಮಾತು ಗೊಂದಲ ಮಾಡಿತು. ನನ್ನ ಪುಸ್ತಕದ ಮೊದಲ ಸಾಲಿನಲ್ಲಿ ಆ ಸೋಲಿನ ಮಧ್ಯಾಹ್ನದ ಧೂಳು ಮೆತ್ತಿದ 'ಎಡ' ಎಂಬ ಪದವಿದೆ, ಅದರ ಮೇಲೆ ಗೆಳೆಯ ಎಳೆದ ಅಡ್ಡಗೆರೆಯಿದೆ.