ತರಬೇತಿ ವಿಮಾನದ ಲ್ಯಾಂಡಿಂಗ್ ಗೇರ್: ಏನು ನೋಡುತ್ತೇವೆ, ಏನು ಬದಲಿಸುತ್ತೇವೆ

ಲ್ಯಾಂಡಿಂಗ್ ಗೇರ್, ಅಂದರೆ ವಿಮಾನದ ಚಕ್ರ ಮತ್ತು ಕಾಲುಗಳು, ಸವೆಯುವುದು ಹಾರಾಟದ ಗಂಟೆಯಿಂದಲ್ಲ, ಇಳಿಯುವುದರಿಂದ. ಸರ್ಕ್ಯೂಟ್, ಅಂದರೆ ರನ್‌ವೇ ಸುತ್ತ ಹಾರಿ ಮತ್ತೆ ಮತ್ತೆ ಇಳಿಯುವುದನ್ನು, ಕಲಿಯುವ ವಿದ್ಯಾರ್ಥಿಯ ಕೈಯಲ್ಲಿ ಒಂದು ವಿಮಾನ ಗಂಟೆಗೆ ಏಳೆಂಟು ಸಲ ನೆಲ ಮುಟ್ಟುತ್ತದೆ. ಊರಿಂದೂರಿಗೆ ಹೋಗುವ ವಿಮಾನ ಎರಡು ಗಂಟೆ ಹಾರಿ ಒಮ್ಮೆ ಇಳಿಯುತ್ತದೆ. ಎರಡಕ್ಕೂ ನಡೆಯುವುದು ಅದೇ 100 ಗಂಟೆಯ ಚೆಕ್. ಅದಕ್ಕೇ ಗೇರ್ ಕೆಲಸಕ್ಕೆ ಕೈಹಾಕುವ ಮೊದಲು, ಹಿಂದಿನ ಚೆಕ್‌ನಿಂದ ಈಚೆಗೆ ಆದ ಲ್ಯಾಂಡಿಂಗ್‌ಗಳ ಲೆಕ್ಕವನ್ನು ವಿಮಾನದ ದಿನನಿತ್ಯದ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಿಂದ ತೆಗೆದು ವರ್ಕ್ ಆರ್ಡರ್ ತಲೆಯ ಮೇಲೆ ಬರೆದುಕೊಳ್ಳುತ್ತೇನೆ. ಮ್ಯಾನ್ಯುಯಲ್ ಇದನ್ನು ಕೇಳುವುದಿಲ್ಲ. ಆದರೆ ಕೀಲಿನೊಳಗಿನ ಲೋಹದ ತೋಳಾದ ಬುಶ್ ಏಕೆ ಇಷ್ಟು ಬೇಗ ಸವೆಯಿತು ಎಂಬ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ.

ಇಲ್ಲಿ ಬರೆದಿರುವುದು ಎರಡು ಮಾದರಿಗಳ ಬಗ್ಗೆ: ಗೇರ್ ಮಡಚದ ಸೆಸ್ನಾ 172ಎಸ್, ಗೇರ್ ಮಡಚುವ ಪೈಪರ್ ಸೆನೆಕಾ. ಅಂಕಿಗಳನ್ನು ನಿಮ್ಮ ವಿಮಾನದ ಸೀರಿಯಲ್ ನಂಬರಿಗೆ ಅನ್ವಯಿಸುವ ಮ್ಯಾನ್ಯುಯಲ್‌ನ ಇತ್ತೀಚಿನ ಆವೃತ್ತಿಯಲ್ಲಿ ನೋಡಿಕೊಂಡೇ ಬಳಸಬೇಕು.

172ರ ನೋಸ್ ಗೇರ್‌ನಿಂದ, ಅಂದರೆ ಮೂಗಿನಡಿಯ ಕಾಲಿನಿಂದ, ಶುರು ಮಾಡುತ್ತೇನೆ, ಏಕೆಂದರೆ ತೊಂದರೆ ಹೆಚ್ಚು ಬರುವುದು ಅಲ್ಲಿಯೇ. ಮೂಗು ಎತ್ತಲು ಬಾಲದ ಟೈ-ಡೌನ್ ರಿಂಗಿಗೆ ಭಾರ ಕಟ್ಟುತ್ತೇವೆ. ಬಾಲದ ಅಡ್ಡ ರೆಕ್ಕೆಯಾದ ಹಾರಿಜಾಂಟಲ್ ಸ್ಟೆಬಿಲೈಸರ್ ತುದಿಯನ್ನು ಕೈಯಿಂದ ಒತ್ತಿ ಮೂಗು ಎತ್ತುವ ಅಭ್ಯಾಸ ಬಹಳ ಕಡೆ ಇದೆ, ಅದರಿಂದ ಒಳಗಿನ ಸ್ಪಾರ್ ಎಂಬ ಉದ್ದ ತೊಲೆಯ ಬಳಿ ಬಿರುಕು ಬೀಳುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ಚಕ್ರವನ್ನು ಹಿಡಿದಿರುವ ಫೋರ್ಕ್ ಹಿಡಿದು ಎಡಬಲ ತಿರುಚುತ್ತಾ, ಇನ್ನೊಂದು ಕೈಯ ಹೆಬ್ಬೆರಳನ್ನು, ಚಕ್ರ ಪಕ್ಕಕ್ಕೆ ತಿರುಚದಂತೆ ತಡೆಯುವ ಟಾರ್ಕ್ ಲಿಂಕ್‌ಗಳ ಕೀಲಿನ ಮೇಲೆ ಅರ್ಧ ಲಿಂಕಿಗೂ ಅರ್ಧ ಬೋಲ್ಟಿಗೂ ತಾಗುವಂತೆ ಇಡಿ. ಪ್ಲೇ, ಅಂದರೆ ಸಡಿಲ, ಇದ್ದರೆ ಕಣ್ಣಿಗೆ ಕಾಣುವ ಮೊದಲೇ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಮೇಲಿನ, ನಡುವಿನ, ಕೆಳಗಿನ ಮೂರೂ ಕೀಲುಗಳನ್ನು ಹೀಗೆ ನೋಡಿ, ನಂತರ ಚಕ್ರದ ನಡುಕ ತಡೆಯುವ ಶಿಮ್ಮಿ ಡ್ಯಾಂಪರ್‌ನ ಎರಡೂ ತುದಿಯ ಬೋಲ್ಟುಗಳನ್ನು ನೋಡುತ್ತೇನೆ.

ಪೈಲಟ್ 'ನೋಸ್ ವೀಲ್ ಶಿಮ್ಮಿ', ಅಂದರೆ ಮುಂಚಕ್ರ ನಡುಗುತ್ತಿದೆ, ಎಂದು ಸ್ನ್ಯಾಗ್ (ದೋಷದ ವರದಿ) ಬರೆದ ಕೂಡಲೇ ಡ್ಯಾಂಪರ್ ಬಿಚ್ಚುವವರೇ ಹೆಚ್ಚು. ಡ್ಯಾಂಪರ್ ಕೊನೆಗೆ ನೋಡಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಮೊದಲು ಟಯರ್: ಒತ್ತಡ ಸರಿಯಿದೆಯೇ, ಬ್ರೇಕ್ ಹಾಕಿ ಒಂದು ಕಡೆ ಚಪ್ಪಟೆಯಾಗಿದೆಯೇ, ಬ್ಯಾಲೆನ್ಸ್ ಇದೆಯೇ. ಆಮೇಲೆ ಚಕ್ರದ ಬೇರಿಂಗ್ ಸಡಿಲವೇ, ಟಾರ್ಕ್ ಲಿಂಕ್ ಬುಶ್ ಸವೆದಿದೆಯೇ. ಇವೆಲ್ಲ ಸರಿಯಿದ್ದರೆ ಮಾತ್ರ ಡ್ಯಾಂಪರ್. ಎಣ್ಣೆ ತುಂಬುವ ಮಾದರಿಯಾದರೆ ಒಳಗೆ ಗಾಳಿ ಸೇರಿರುತ್ತದೆ, ಶಾಫ್ಟನ್ನು ಎಳೆದು ತಳ್ಳಿದಾಗ ನಡುವೆ ಎಲ್ಲೋ ಒಂದು ಕಡೆ ಸಲೀಸಾಗಿ ಜಾರುತ್ತದೆ. ಬುಶ್ ಸವೆದ ಗೇರಿಗೆ ಹೊಸ ಡ್ಯಾಂಪರ್ ಹಾಕಿದರೆ ಕೆಲವು ವಾರ ಸುಮ್ಮನಿದ್ದು ಮತ್ತೆ ನಡುಗುತ್ತದೆ. ಅಷ್ಟರಲ್ಲಿ ಆ ನಡುಕ ಎಂಜಿನ್ ಹಿಂದಿನ ಲೋಹದ ಗೋಡೆಯಾದ ಫೈರ್‌ವಾಲ್‌ನ ರಿವೆಟ್‌ಗಳವರೆಗೂ ಹೋಗಿರುತ್ತದೆ.

ಸ್ಟ್ರಟ್, ಅಂದರೆ ಎಣ್ಣೆ ಮತ್ತು ಗಾಳಿಯಿಂದ ಹೊಡೆತ ಹೀರುವ ಕಾಲಿನ ಕೊಳವೆ, ತುಂಬುವ ಕೆಲಸದಲ್ಲಿ ಅವಸರ ಸಲ್ಲದು. ಮೂಗು ಎತ್ತಿ, ಮೇಲಿನ ವಾಲ್ವಿನಿಂದ ಗಾಳಿಯನ್ನು ಪೂರ್ತಿ ಬಿಡಬೇಕು. ಒಳಗೆ ಒತ್ತಡ ಉಳಿದಿರುವಾಗ ವಾಲ್ವ್ ಬಾಡಿ ಬಿಚ್ಚಿದರೆ ಅದು ಗುಂಡಿನಂತೆ ಹಾರುತ್ತದೆ. ವಾಲ್ವ್ ತೆಗೆದು, ಸ್ಟ್ರಟ್ಟನ್ನು ಪೂರ್ತಿ ಒತ್ತಿ, ರಂಧ್ರದ ಕೆಳ ಅಂಚಿನವರೆಗೆ ಕೆಂಪು ಬಣ್ಣದ ಮಿಲ್-ಪಿಆರ್‌ಎಫ್-5606 ಹೈಡ್ರಾಲಿಕ್ ಎಣ್ಣೆ ತುಂಬಬೇಕು. ನಂತರ ನಿಧಾನವಾಗಿ ಎಳೆದು ಒತ್ತಿ, ಎಳೆದು ಒತ್ತಿ, ಗುಳ್ಳೆ ಬರುವುದು ನಿಂತ ಮೇಲೆ ಒತ್ತಿದ ಸ್ಥಿತಿಯಲ್ಲೇ ಮಟ್ಟ ಮತ್ತೆ ನೋಡಿ ವಾಲ್ವ್ ಹಾಕಬೇಕು. ಚಕ್ರದ ಮೇಲೆ ಭಾರವಿಲ್ಲದಿರುವಾಗ ಗಾಳಿಯ ಒತ್ತಡ 45 ಪಿಎಸ್‌ಐ. ಭಾರ ಕೂತಾಗ ಸ್ಟ್ರಟ್ ತಗ್ಗಿದೆ ಎಂದು ನಿಂತ ವಿಮಾನಕ್ಕೆ ಗಾಳಿ ಮಾತ್ರ ತುಂಬಿಸುವುದು ತಪ್ಪು. ಎಣ್ಣೆ ಕಡಿಮೆಯಾಗಿದ್ದರೆ ಗಾಳಿ ಆ ಜಾಗ ತುಂಬಿ ಎತ್ತರ ಸರಿ ತೋರಿಸುತ್ತದೆ, ಆದರೆ ಇಳಿಯುವಾಗ ಹೊಡೆತ ಹೀರಲು ಎಣ್ಣೆಯೇ ಇರುವುದಿಲ್ಲ, ಸ್ಟ್ರಟ್ ತಳ ಬಡಿಯುತ್ತದೆ. ಒತ್ತಡ ಅತಿಯಾದರೆ ಇನ್ನೊಂದು ತೊಂದರೆ: 172ರ ನೋಸ್ ಗೇರ್ ಪೂರ್ತಿ ಚಾಚಿದಾಗ ನೇರಕ್ಕೆ ಲಾಕ್ ಆಗುವಂತೆ ಮಾಡಿದ್ದಾರೆ, ಹಾಗಾಗಿ ನೆಲದ ಮೇಲೂ ತಗ್ಗದ ಸ್ಟ್ರಟ್ ಸ್ಟಿಯರಿಂಗ್‌ಗೆ ಬಗ್ಗುವುದಿಲ್ಲ.

ಸ್ಟ್ರಟ್ ಸೋರಿಕೆಗೆ ಕಾರಣ ಹೆಚ್ಚಿನ ಸಲ ಓ-ರಿಂಗ್ ಎಂಬ ರಬ್ಬರ್ ಸೀಲ್ ಅಲ್ಲ, ಧೂಳು. ಕಲಬುರಗಿ, ಬೆಳಗಾವಿಯಂಥ ಎರೆಮಣ್ಣಿನ ಸೀಮೆಯಲ್ಲೂ ಈಗ ತರಬೇತಿ ವಿಮಾನಗಳು ಹಾರುತ್ತವೆ. ಅಲ್ಲಿ ಬೇಸಿಗೆಯ ಧೂಳು ಸ್ಟ್ರಟ್ಟಿನ ಹೊಳೆಯುವ ಕ್ರೋಮ್ ಪಿಸ್ಟನ್ನಿನ ಎಣ್ಣೆ ಪಸೆಗೆ ಅಂಟಿ, ಪ್ರತಿ ಲ್ಯಾಂಡಿಂಗ್‌ನಲ್ಲೂ ಸೀಲನ್ನು ಉಜ್ಜುತ್ತದೆ. ದಿನದ ಮೊದಲ ಹಾರಾಟಕ್ಕೆ ಮುಂಚೆ 5606ರಲ್ಲಿ ಅದ್ದಿದ ಬಟ್ಟೆಯಿಂದ ಪಿಸ್ಟನ್ ಒರೆಸಿದರೆ ಸೀಲಿನ ಆಯುಷ್ಯ ಎಷ್ಟೋ ಹೆಚ್ಚುತ್ತದೆ. ಒಣ ಬಟ್ಟೆಯಿಂದ ಒರೆಸಬಾರದು, ಅದು ಮರಳನ್ನು ಉಜ್ಜಿದ ಹಾಗೆಯೇ. ಬ್ರೇಕಿಗೂ ಸ್ಟ್ರಟ್ಟಿಗೂ ಇದೇ ಕೆಂಪು ಎಣ್ಣೆ. ತುರ್ತಿಗೆ ಬೈಕ್ ಅಂಗಡಿಯ ಡಾಟ್-4 ಬ್ರೇಕ್ ಎಣ್ಣೆ ತಂದು ಸುರಿದರೆ ಒಳಗಿನ ನೈಟ್ರೈಲ್ ರಬ್ಬರಿನ ಸೀಲುಗಳು ಊದಿ ಮೆತ್ತಗಾಗುತ್ತವೆ. ಆಮೇಲೆ ಪೆಡಲ್ ಬಳಿಯ ಮಾಸ್ಟರ್ ಸಿಲಿಂಡರಿನಿಂದ ಚಕ್ರದಲ್ಲಿ ಬ್ರೇಕ್ ಹಿಡಿಯುವ ಕ್ಯಾಲಿಪರ್‌ವರೆಗೆ ಒಂದು ಸೀಲನ್ನೂ ಉಳಿಸದೆ ಬದಲಿಸಬೇಕಾಗುತ್ತದೆ.

ಚಕ್ರ ಬಿಚ್ಚುವಾಗ ಒಂದೇ ನಿಯಮ: ಟಯರಿನ ಗಾಳಿ ಪೂರ್ತಿ ಹೋಗಿ, ವಾಲ್ವ್ ಕೋರ್ ಕೈಗೆ ಬರುವ ತನಕ ಚಕ್ರದ ಎರಡು ಹೋಳುಗಳನ್ನು ಹಿಡಿದಿರುವ ಬೋಲ್ಟುಗಳಿಗೆ ಸ್ಪ್ಯಾನರ್ ಇಡುವ ಹಾಗಿಲ್ಲ. ಇದರಲ್ಲಿ ಕೈ ಕಳೆದುಕೊಂಡವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಹೊಸ ಟಯರ್ ಕೂರಿಸುವಾಗ ಟಯರ್ ಮೇಲಿನ ಕೆಂಪು ಚುಕ್ಕೆ ಅದರ ಹಗುರವಾದ ಜಾಗ. ಟ್ಯೂಬಿನ ಭಾರದ ಜಾಗದ ಗುರುತನ್ನು ಆ ಚುಕ್ಕೆಯ ಪಕ್ಕಕ್ಕೇ ತರಬೇಕು, ಅಂಥ ಗುರುತಿಲ್ಲದಿದ್ದರೆ ವಾಲ್ವನ್ನು. ಗಾಳಿ ತುಂಬಿ, ಒಮ್ಮೆ ಪೂರ್ತಿ ಬಿಟ್ಟು, ಮತ್ತೆ ತುಂಬಿದರೆ ಟ್ಯೂಬಿನ ಮಡಿಕೆ ಹೋಗುತ್ತದೆ. ಹೊಸ ಟಯರ್ ಮೊದಲ ದಿನ ಹಿಗ್ಗುವುದರಿಂದ ಮರುದಿನ ಒತ್ತಡ ಇಳಿದಿರುತ್ತದೆ, ಅದು ಪಂಕ್ಚರ್ ಅಲ್ಲ. ಬೇರಿಂಗ್ ತೊಳೆದು ರೋಲರ್‌ಗಳನ್ನು ಬೆಳಕಿಗೆ ಹಿಡಿದು ನೋಡಿದಾಗ ನೀರಿನ ಕಲೆ, ಚಕ್ಕೆ ಎದ್ದ ಗುರುತು, ಬಿಸಿಗೆ ನೀಲಿಯಾದ ಬಣ್ಣ ಯಾವುದಿದ್ದರೂ ಕೋನ್ (ರೋಲರ್‌ಗಳಿರುವ ಒಳಭಾಗ) ಮತ್ತು ಕಪ್ (ಹೊರ ಉಂಗುರ) ಎರಡನ್ನೂ ಒಟ್ಟಿಗೆ ತೆಗೆಯುತ್ತೇನೆ. ಹಳೆ ಕಪ್ಪಿನಲ್ಲಿ ಹೊಸ ಕೋನ್ ಬಹಳ ದಿನ ಬಾಳುವುದಿಲ್ಲ. ಆಕ್ಸಲ್ ನಟ್ಟನ್ನು ಚಕ್ರ ತಿರುಗಿಸುತ್ತಾ ಬಿಗಿ ಮಾಡಿ, ಸ್ವಲ್ಪ ಹಿಡಿದಂತಾದಾಗ, ನಟ್ ಸಡಿಲವಾಗದಂತೆ ತಡೆಯುವ ಕಾಟರ್ ಪಿನ್‌ನ ಹತ್ತಿರದ ರಂಧ್ರಕ್ಕೆ ಹಿಂದೆ ಬಿಡಬೇಕು. ಕಾಟರ್ ಪಿನ್ ಪ್ರತಿ ಸಲವೂ ಹೊಸದು, ಇದರಲ್ಲಿ ಚರ್ಚೆ ಇಲ್ಲ. ಸೆಲ್ಫ್-ಲಾಕಿಂಗ್ ನಟ್ ಬೆರಳಿನಿಂದಲೇ ಪೂರ್ತಿ ಓಡಿದರೆ ಅದೂ ಕಸದ ಡಬ್ಬಕ್ಕೆ.

ಬ್ರೇಕ್ ಲೈನಿಂಗ್ 3/32 ಇಂಚಿಗೆ, ಅಂದರೆ ಸುಮಾರು 2.4 ಮಿಲಿಮೀಟರ್‌ಗೆ ಇಳಿದರೆ ಬದಲಿಸಬೇಕು. ಒಂದು ಲೈನಿಂಗ್ ದಪ್ಪ, ಎದುರಿನದು ತೆಳು ಇದ್ದರೆ ಲೈನಿಂಗ್ ಬದಲಿಸಿ ಸುಮ್ಮನಾಗಬೇಡಿ. ಕ್ಯಾಲಿಪರ್ ಜಾರುವ ಎರಡು ಪಿನ್‌ಗಳು ತುಕ್ಕು ಹಿಡಿದು ಸಿಕ್ಕಿಕೊಂಡಿರುತ್ತವೆ. ಅವನ್ನು ಸ್ವಚ್ಛ ಮಾಡಿ ಒಣ ಲೂಬ್ರಿಕೆಂಟ್ ಹಾಕಬೇಕು. ಗ್ರೀಸ್ ಹಾಕಿದರೆ ಧೂಳು ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ಹೊಸ ಆರ್ಗ್ಯಾನಿಕ್ ಲೈನಿಂಗನ್ನು ಪಳಗಿಸದೆ ವಿಮಾನ ಬಿಡಬಾರದು: 1700 ಆರ್‌ಪಿಎಂನಲ್ಲಿ ಬ್ರೇಕ್ ಒತ್ತಿ ಹಿಡಿದು ಗಂಟೆಗೆ 5ರಿಂದ 10 ಮೈಲಿ ವೇಗದಲ್ಲಿ ಸುಮಾರು 1500 ಅಡಿ ಟ್ಯಾಕ್ಸಿ, 10ರಿಂದ 15 ನಿಮಿಷ ಆರಲು ಬಿಡುವುದು, ಆಮೇಲೆ ಹೆಚ್ಚಿನ ಪವರ್‌ನಲ್ಲಿ ನಿಲ್ಲಿಸಿ ಬ್ರೇಕ್ ಹಿಡಿಯುತ್ತದೆಯೇ ನೋಡುವುದು. ಬ್ಲೀಡ್ ಮಾಡುವಾಗ, ಅಂದರೆ ಬ್ರೇಕ್ ಕೊಳವೆಯ ಗಾಳಿ ಹೊರಹಾಕುವಾಗ, ಕೆಳಗಿನ ಕ್ಯಾಲಿಪರಿನಿಂದ ಮೇಲಕ್ಕೆ ಎಣ್ಣೆ ತಳ್ಳಿದರೆ ಗುಳ್ಳೆಗಳು ತಮ್ಮ ದಾರಿಯಲ್ಲೇ ಏರಿ ಹೋಗುತ್ತವೆ.

ಹಾರ್ಡ್ ಲ್ಯಾಂಡಿಂಗ್ ಎಂದು ಪೈಲಟ್ ಬರೆದಿದ್ದರೆ ಚಕ್ರ ನೋಡುವುದಷ್ಟೇ ಸಾಲದು. ಎಂಜಿನ್ನಿನ ಕೆಳ ಹೊದಿಕೆಯಾದ ಕೌಲಿಂಗ್ ಬಿಚ್ಚಿ ಫೈರ್‌ವಾಲ್ ಸುಕ್ಕು, ಎಂಜಿನ್ ಮೌಂಟಿನ ಕೊಳವೆ, ಪ್ರೊಪೆಲ್ಲರ್ ತುದಿ ನೋಡಬೇಕು. ಕ್ಯಾಬಿನ್ ನೆಲದ ಹಲಗೆ ಎತ್ತಿ ಮೇನ್ ಗೇರ್, ಅಂದರೆ ಹಿಂದಿನ ಎರಡು ಕಾಲುಗಳು, ಕೂರುವ ಗಟ್ಟಿ ಲೋಹದ ಫೋರ್ಜಿಂಗ್‌ಗಳನ್ನು ನೋಡಬೇಕು. ರಿವೆಟ್ ತಲೆಯ ಹಿಂದೆ ಹೊಗೆ ಹಿಡಿದಂಥ ಕಪ್ಪು ಗೆರೆ ಕಂಡರೆ ಅದು ಕೊಳೆಯಲ್ಲ, ಸಡಿಲ ರಿವೆಟ್ ಅಲುಗಾಡಿ ಉದುರಿಸಿದ ಅಲ್ಯೂಮಿನಿಯಂ ಪುಡಿ. ಒರೆಸಿ ಹಾರಿಸಿದರೆ ಮತ್ತೆ ಬರುತ್ತದೆ. ವಿದ್ಯಾರ್ಥಿಗಳು ಹಾರ್ಡ್ ಲ್ಯಾಂಡಿಂಗ್ ಬರೆಯಲು ಹೆದರುತ್ತಾರೆ. ಬರೆದವರನ್ನು ಬೈಯುವ ಶಾಲೆಯಲ್ಲಿ ನಮಗೆ ಸಿಗುವುದು ಈ ಕಪ್ಪು ಗೆರೆ ಮಾತ್ರ.

ಇನ್ನು ಕಡ್ಡಾಯ ಬದಲಾವಣೆ. ತಯಾರಕರು ಕಳಿಸುವ ಸೂಚನೆಯಾದ ಸರ್ವಿಸ್ ಬುಲೆಟಿನ್ ಮೇಲೆ 'ಮ್ಯಾಂಡೇಟರಿ' ಎಂದು ಅಚ್ಚಾದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಅದನ್ನು ಕಾನೂನು ಮಾಡುವುದು ಏರ್‌ವರ್ದಿನೆಸ್ ಡೈರೆಕ್ಟಿವ್, ನಮ್ಮ ಬಾಯಲ್ಲಿ ಎಡಿ. ಸೆಸ್ನಾ, ಪೈಪರ್ ಎರಡೂ ಅಮೆರಿಕದ ವಿನ್ಯಾಸಗಳಾದ್ದರಿಂದ ಮೂಲ ಎಡಿ ಹೊರಡಿಸುವುದು ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ. ವಿಟಿ ಅಕ್ಷರಗಳಿಂದ ಶುರುವಾಗುವ ಭಾರತೀಯ ನೋಂದಣಿಯ ವಿಮಾನದಲ್ಲಿ ಅದನ್ನು ಪಾಲಿಸಬೇಕಾದದ್ದು ನಮ್ಮ ನಿಯಂತ್ರಕ ಡಿಜಿಸಿಎ ನಿಯಮದಂತೆ. ಎಡಿ ನಂಬರ್ ಓದುವುದು ಸುಲಭ: 97-01-01 ಆರ್1 ಎಂದರೆ 1997ರ ಮೊದಲ ಎರಡು ವಾರದ ಕಂತಿನ ಮೊದಲನೆಯದು, ಒಮ್ಮೆ ಪರಿಷ್ಕರಿಸಿದ್ದು.

ಈ ನಂಬರನ್ನೇ ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಪಿಎ-28ಆರ್, ಪಿಎ-32ಆರ್, ಪಿಎ-34 ಸೆನೆಕಾ ಮುಂತಾದ ಮಡಚುವ ಗೇರಿನ ಪೈಪರ್‌ಗಳ ಮೇನ್ ಗೇರ್ ಸೈಡ್‌ಬ್ರೇಸ್ ಸ್ಟಡ್ಡಿಗೆ ಸಂಬಂಧಿಸಿದ ಎಡಿ ಅದು. ಗೇರ್ ಇಳಿದು ನಿಂತಾಗ ಒಳಕ್ಕೆ ಮಡಚದಂತೆ ತಡೆಯುವುದು ಸೈಡ್‌ಬ್ರೇಸ್. ಅದರ ಮೇಲ್ತುದಿಯನ್ನು ರೆಕ್ಕೆಗೆ ಹಿಡಿದಿಡುವುದು ಬೆರಳು ಗಾತ್ರದ ಈ ಉಕ್ಕಿನ ಸ್ಟಡ್. ಅಡ್ಡಗಾಳಿಯಲ್ಲಿ ಓರೆಯಾಗಿ ಇಳಿದಾಗಲೆಲ್ಲ ಅದು ಬಾಗುವ ಹೊಡೆತ ತಿನ್ನುತ್ತದೆ. ಸ್ಟಡ್ ತುಂಡಾದರೆ ಆ ಕಡೆಯ ಕಾಲು ಕುಸಿಯುತ್ತದೆ. ಮುಖ್ಯ ಭಾಗ ಬುಶ್ ಒಳಗೇ ಇರುವುದರಿಂದ ಟಾರ್ಚ್ ಹಾಕಿ ನೋಡಿ ಸಹಿ ಮಾಡುವ ಹಾಗಿಲ್ಲ, ಬಿಚ್ಚಲೇಬೇಕು.

ಬಿಚ್ಚಿದ ಸ್ಟಡ್ಡನ್ನು ಫ್ಲೂರೊಸೆಂಟ್ ಪೆನಿಟ್ರಂಟ್ (ಬಿರುಕಿಗೆ ಇಳಿದು ಯುವಿ ಬೆಳಕಿಗೆ ಹೊಳೆಯುವ ದ್ರವ) ಅಥವಾ ಮ್ಯಾಗ್ನೆಟಿಕ್ ಪಾರ್ಟಿಕಲ್ (ಬಿರುಕಿಗೆ ಅಂಟುವ ಕಾಂತೀಯ ಪುಡಿ) ವಿಧಾನದಿಂದ ಪರೀಕ್ಷಿಸಬೇಕು. ಸ್ವಚ್ಛ ಮಾಡುವಾಗ ಗ್ರಿಟ್ ಬ್ಲಾಸ್ಟಿಂಗ್ ಬೇಡ, ಅದು ಬಿರುಕಿನ ಬಾಯಿ ಮುಚ್ಚಿಬಿಡುತ್ತದೆ. ಪೆನಿಟ್ರಂಟ್ ಕನಿಷ್ಠ 10 ನಿಮಿಷ ಕೂರಬೇಕು. ಬಿರುಕಿನ ದ್ರವವನ್ನು ಹೊರಗೆಳೆಯುವ ಒಣ ಡೆವಲಪರ್ ಪುಡಿ ಹಾಕಿದ ಮೇಲೂ ಅಷ್ಟೇ. ಏಪ್ರಿಲ್ ಬಿಸಿಲಿಗೆ ಕಾದ ಲೋಹಕ್ಕೆ ಪೆನಿಟ್ರಂಟ್ ಹಚ್ಚಿದರೆ ಒಣಗಿಹೋಗುತ್ತದೆ, ಮಿತಿ 52 ಡಿಗ್ರಿ ಸೆಲ್ಸಿಯಸ್. ಯುವಿ ದೀಪ 38 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರ್‌ಗೆ ಕನಿಷ್ಠ 1000 ಮೈಕ್ರೋವಾಟ್ ಕೊಡಬೇಕು, ಕೋಣೆಯ ಬೆಳಕು 20 ಲಕ್ಸ್ ಮೀರಬಾರದು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕನಿಷ್ಠ ಒಂದು ನಿಮಿಷ ಬಿಡಬೇಕು. ಮ್ಯಾಗ್ನೆಟಿಕ್ ವಿಧಾನವಾದರೆ ಸ್ಟಡ್ಡನ್ನು ಕಾಯಿಲ್ ಒಳಗಿಟ್ಟು ಉದ್ದಕ್ಕೆ ಕಾಂತೀಕರಿಸಬೇಕು. ಇಲ್ಲಿ ಹುಡುಕುತ್ತಿರುವುದು ಅಡ್ಡ ಬಿರುಕು, ಕಾಂತರೇಖೆಗಳು ಅದನ್ನು ಅಡ್ಡ ಹಾಯ್ದರೆ ಮಾತ್ರ ಪುಡಿ ಅಂಟುತ್ತದೆ. ಕೆಲಸ ಮುಗಿದ ಮೇಲೆ ಕಾಂತತ್ವ ತೆಗೆದು 3 ಗಾಸ್‌ಗಿಂತ ಕೆಳಗೆ ತರಬೇಕು, ಇಲ್ಲದಿದ್ದರೆ ಲೋಹದ ಪುಡಿ ಸೆಳೆದುಕೊಂಡು ಹೊಸ ಬುಶ್ಶನ್ನೇ ತಿನ್ನುತ್ತದೆ. ಬಿರುಕು ಕಂಡ ಸ್ಟಡ್ಡಿಗೆ ದುರಸ್ತಿ ಇಲ್ಲ, ಬದಲಿಸದೆ ಹಾರುವಂತಿಲ್ಲ.

ಹೆಚ್ಚು ಎಡವಟ್ಟಾಗುವುದು ಕಾಗದದಲ್ಲಿ. ಎಡಿ ಅನ್ವಯಿಸುತ್ತದೆಯೇ ಎಂದು ವಿಮಾನದ ಮಾದರಿ ಮಾತ್ರ ನೋಡಿದರೆ ಸಾಲದು. ಮರುಪರೀಕ್ಷೆಯ ಅವಧಿ ನಿಂತಿರುವುದು ಒಳಗೆ ಕೂತಿರುವ ಸ್ಟಡ್ಡಿನ ಗಾತ್ರ ಮತ್ತು ಪಾರ್ಟ್ ನಂಬರ್ ಮೇಲೆ. ಹಳೆ ಲಾಗ್‌ಬುಕ್‌ನಲ್ಲಿ 'ಎಡಿ ಪಾಲಿಸಲಾಗಿದೆ' ಎಂದಷ್ಟೇ ಇದ್ದು, ಪರೀಕ್ಷಿಸಿದ್ದೋ ಬದಲಿಸಿದ್ದೋ, ಯಾವ ಪ್ಯಾರಾ, ಆಗ ಎಷ್ಟು ಗಂಟೆ ಎಂಬುದು ಇಲ್ಲದಿದ್ದರೆ ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿಚ್ಚಿ ನೋಡುತ್ತೇನೆ. ಮಾಲೀಕರಿಗೆ ಇದು ಖರ್ಚಿನ ಬಾಬ್ತು, ಮುಖ ಗಂಟಿಕ್ಕುತ್ತಾರೆ. ಹೊಸ ಭಾಗ ಬಂದಾಗ ಜೊತೆಗೆ ಭಾಗ ಬಳಕೆಗೆ ಯೋಗ್ಯ ಎಂದು ಹೇಳುವ ಎಫ್‌ಎಎ 8130-3 ಅಥವಾ ಸಮಾನ ರಿಲೀಸ್ ಸರ್ಟಿಫಿಕೇಟ್ ಇಲ್ಲದಿದ್ದರೆ ಪೆಟ್ಟಿಗೆ ಎಷ್ಟೇ ಹೊಸದಾಗಿ ಕಂಡರೂ ಕ್ವಾರಂಟೈನ್ ಶೆಲ್ಫಿಗೆ ಹೋಗುತ್ತದೆ. ಬಳಸಿದ ಭಾಗವಾದರೆ ಈವರೆಗಿನ ಒಟ್ಟು ಗಂಟೆಯ ದಾಖಲೆಯೂ ಬೇಕು. ತೆಗೆದ ಸ್ಟಡ್ಡನ್ನು ಹ್ಯಾಕ್‌ಸಾದಿಂದ ಎರಡು ತುಂಡು ಮಾಡಿಯೇ ಸ್ಕ್ರ್ಯಾಪ್‌ಗೆ ಕೊಡುತ್ತೇವೆ, ತಿಕ್ಕಿ ಬಣ್ಣ ಬಳಿದು ಇನ್ನೊಂದು ವಿಮಾನಕ್ಕೆ ಹೋಗಬಾರದಲ್ಲ.

ಸೈಡ್‌ಬ್ರೇಸ್ ಕೂರಿಸಿದ ಮೇಲೆ ವಿಮಾನ ಜ್ಯಾಕ್ ಮೇಲಿರುವಾಗಲೇ, ಹೊರಗಿನ ಕರೆಂಟ್ ಕೊಟ್ಟು ಗೇರನ್ನು ಹಲವು ಸಲ ಏರಿಸಿ ಇಳಿಸಬೇಕು. ಇಳಿದಾಗ ಬ್ರೇಸಿನ ನಡುಕೀಲು ನೇರವನ್ನು ದಾಟಿ ಓವರ್-ಸೆಂಟರ್ ಆಗಿದೆಯೇ ಎಂದು ಚಕ್ರದ ಬಳಿ ಕೂತು ನೋಡಬೇಕು. ಕಾಕ್‌ಪಿಟ್ಟಿನ ಹಸಿರು ದೀಪ ಸ್ವಿಚ್ ತಪ್ಪು ಕೂತಿದ್ದರೂ ಹೊತ್ತಿಕೊಳ್ಳಬಹುದು. ನಂತರ ಎಮರ್ಜೆನ್ಸಿ ಎಕ್ಸ್‌ಟೆನ್ಷನ್: ಹೈಡ್ರಾಲಿಕ್ ಒತ್ತಡ ಬಿಟ್ಟಾಗ ಮೂರೂ ಕಾಲುಗಳು ತಮ್ಮ ಭಾರಕ್ಕೇ ಬಿದ್ದು ಲಾಕ್ ಆಗಬೇಕು. ಯಾವುದಾದರೂ ಒಂದು ಅರ್ಧಕ್ಕೆ ನಿಂತರೆ, ಹೊಸ ಸ್ಟಡ್ ಬಿಗಿಯಾಗಿದ್ದು ಸಲೀಸಾಗಿ ತಿರುಗುತ್ತಿಲ್ಲವೇ, ಡೌನ್‌ಲಾಕ್ ಸ್ಪ್ರಿಂಗ್ ಸೋತಿದೆಯೇ, ಕೀಲಿನಲ್ಲಿ ಹಳೆ ಗ್ರೀಸ್ ಗಟ್ಟಿಯಾಗಿದೆಯೇ ಎಂದು ಈ ಕ್ರಮದಲ್ಲೇ ನೋಡುತ್ತೇನೆ. ಮೂರೂ ಸರಿಯಾಗಿ ಬಿದ್ದ ಮೇಲೆ ಎಡಿ ನಂಬರ್, ಪರಿಷ್ಕರಣೆ, ಪ್ಯಾರಾ, ಎಡ-ಬಲ ಸ್ಟಡ್‌ಗಳ ಪಾರ್ಟ್ ನಂಬರ್, ಪರೀಕ್ಷೆಯ ವಿಧಾನ, ವಿಮಾನದ ಗಂಟೆ, ಮುಂದಿನ ಗಡುವು ಇಷ್ಟನ್ನೂ ಬರೆದು ಲಾಗ್‌ಬುಕ್‌ಗೆ ಸಹಿ ಹಾಕಿ ಜ್ಯಾಕ್ ಇಳಿಸುತ್ತೇವೆ.