ನಲ್ಲಿ ಬಿಚ್ಚುವ ಮುಂಚೆ ವಾಲ್ವ್ ನೋಡಿ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ನಾನೇ ಬದಲಾಯಿಸೋಣ ಅಂತ ಹೊರಟೆ. ಟ್ಯಾಂಕಿನಿಂದ ಬರುವ ನೀರು ನಿಲ್ಲಿಸುವ ಗೇಟ್ ವಾಲ್ವ್ ತಿರುಗಿಸಿದ್ದೆ, ಆದರೆ ಬೋರ್ ನೀರಿನ ಬಿಳಿ ಉಪ್ಪು ಕಟ್ಟಿಕೊಂಡು ಅದು ಪೂರ್ತಿ ಮುಚ್ಚಿರಲೇ ಇಲ್ಲ. ನಲ್ಲಿ ಕೈಗೆ ಬಂದ ಕೂಡಲೇ ನೀರು ಎದೆಗೆ ರಾಚಿತು, ಟವೆಲ್ ತುರುಕಿ ಅಂಗೈಯಲ್ಲಿ ಒತ್ತಿ ಹಿಡಿದು ಟ್ಯಾಂಕ್ ಖಾಲಿಯಾಗುವ ತನಕ ನಿಂತಿದ್ದೆ.

ಅದಕ್ಕೇ ಹೇಳ್ತಿರೋದು, ಮೊದಲು ವಾಲ್ವ್ ಮುಚ್ಚಿ, ಅದೇ ನಲ್ಲಿ ತೆರೆದಿಟ್ಟು ನೀರು ಪೂರ್ತಿ ನಿಲ್ಲುತ್ತಾ ನೋಡಿ. ನಿಲ್ಲದಿದ್ದರೆ ಬಿಚ್ಚಲೇಬೇಡಿ. ಹಳೇ ನಲ್ಲಿ ಎಡಕ್ಕೆ ತಿರುಗಿಸಿ. ಜಗ್ಗದಿದ್ದರೆ ಸುಮ್ನೆ ಬಲ ಹಾಕಬೇಡಿ, ಗೋಡೆಯೊಳಗಿನ ಎಲ್ಬೋ, ಅಂದ್ರೆ ಪೈಪ್ ತಿರುಗುವ ಮೂಲೆಯ ತುಂಡು, ಬಿರುಕು ಬಿಟ್ಟರೆ ಟೈಲ್ಸ್ ಒಡೆಯಬೇಕಾಗುತ್ತೆ, ಅಲ್ವಾ?

ಜಾಸ್ತಿ ಜನ ತಪ್ಪುವುದು ಟೆಫ್ಲಾನ್ ಟೇಪಿನಲ್ಲಿ, ಅಂದ್ರೆ ಜಾಯಿಂಟ್ ಸೋರದಂತೆ ಸುತ್ತುವ ತೆಳು ಟೇಪಿನಲ್ಲಿ. ಹೊಸ ನಲ್ಲಿಯ ಥ್ರೆಡ್ (ತಿರುಪಿನ ಗೆರೆ ಇರುವ ತುದಿ) ನಿಮ್ಮ ಮುಖದ ಕಡೆ ಇರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಎಳೆದು ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ಕೂರಿಸುವಾಗ ಟೇಪ್ ಮುದುಡಿ ಹೊರಗೆ ಬರುತ್ತೆ. ಮೊದಲು ಕೈಯಲ್ಲೇ ತಿರುಗಿಸಿ, ಕೊನೆಯ ಒಂದೆರಡು ಸುತ್ತು ಬಿಗಿಸಲು ಮಾತ್ರ ಸ್ಪ್ಯಾನರ್ ಹಿಡಿಯಿರಿ. ನಲ್ಲಿ ಸೊಟ್ಟಗೆ ನಿಂತಿತು ಅಂತ ಹಿಂದಕ್ಕೆ ತಿರುಗಿಸಬೇಡಿ, ಬಿಚ್ಚಿ ಹೊಸ ಟೇಪ್ ಸುತ್ತಿ. ಆಮೇಲೆ ವಾಲ್ವ್ ತೆರೆದು, ಜಾಯಿಂಟ್ ಕೆಳಗೆ ಒಣ ಪೇಪರ್ ಇಟ್ಟು ಒಂದು ಗಂಟೆ ಬಿಟ್ಟು ನೋಡಿ.