ಹಾರ್ಮೋನ್ ಹುಡುಕಲು ಹೋಗಿ ಕಿಣ್ವದ ಹಿಂದೆ ಬಿದ್ದೆ

ಸಸ್ಯ ಹಾರ್ಮೋನುಗಳ ಮೇಲೆ ಕೆಲಸ ಮಾಡುತ್ತೇನೆ ಅಂದರೆ ದ್ರಾಕ್ಷಿ ಬೆಳೆಯುವವರು ತಕ್ಷಣ "ಜಿಎ ಹೊಡಿತೀವಲ್ಲ, ಅದೇನಾ ಸಾರ್?" ಎಂದು ಕೇಳುತ್ತಾರೆ. ಅದೇ, ಜಿಬ್ಬರೆಲಿಕ್ ಆಸಿಡ್. ಬೆಂಗಳೂರಿನ ನಮ್ಮ ನೆಂಟರಿಗೆ ಮಾತ್ರ ಗಿಡಕ್ಕೂ ಹಾರ್ಮೋನ್ ಇರುತ್ತಾ ಅನ್ನುವುದೇ ಆಶ್ಚರ್ಯ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಓದುವಾಗ ನನಗೂ ಹಾರ್ಮೋನೇ ಯಜಮಾನ, ಕಿಣ್ವ (ಎನ್‌ಜೈಮ್) ಅದು ಹೇಳಿದ್ದನ್ನು ಮಾಡುವ ಆಳು ಅನ್ನಿಸಿತ್ತು. ಲ್ಯಾಬಿಗೆ ಇಳಿದ ಮೇಲೆ ಲೆಕ್ಕ ಬದಲಾಯಿತು. ಹಾರ್ಮೋನ್ ಇರುವುದೇ ಚೂರುಪಾರು. ಅದು ಏನು ಮಾಡಿತು ಎಂದು ತಿಳಿಯಬೇಕಾದರೆ ಕಿಣ್ವವನ್ನೇ ಅಳೆಯಬೇಕು.

ನಾನು ಶುರು ಮಾಡಿದ್ದು ಬಾರ್ಲಿಯ ಅರ್ಧ ಕಾಳಿನಿಂದ. ಕಾಳನ್ನು ಅಡ್ಡಕ್ಕೆ ಕತ್ತರಿಸಿ, ಮೊಳಕೆ ಬರುವ ತುದಿಯನ್ನು ಬಿಸಾಡಬೇಕು. ಉಳಿದ ಅರ್ಧವನ್ನು ಬ್ಲೀಚ್‌ನಲ್ಲಿ ತೊಳೆದು, ಪಿಷ್ಟ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಇಡಬೇಕು. ಸುಮ್ನೆ ಇಟ್ಟರೆ ಹೆಚ್ಚೇನೂ ಆಗುವುದಿಲ್ಲ. ಅಗರ್‌ನಲ್ಲಿ ಜಿಎ ಇದ್ದರೆ ಕಾಳಿನ ಸಿಪ್ಪೆಯ ಒಳಗಿನ ಅಲ್ಯೂರಾನ್ ಪದರ, ಪಿಷ್ಟ ಒಡೆಯುವ ಆಲ್ಫಾ ಅಮೈಲೇಸ್ ಕಿಣ್ವವನ್ನು ಹೊರಗೆ ಬಿಡುತ್ತದೆ. ಎರಡು ದಿನ ಬಿಟ್ಟು ಅಯೋಡಿನ್ ಸುರಿದರೆ ಪಿಷ್ಟವಿರುವ ತಟ್ಟೆಯೆಲ್ಲ ಕಡುನೀಲಿ, ಪಿಷ್ಟ ಒಡೆದುಹೋದ ಕಾಳಿನ ಸುತ್ತ ಮಾತ್ರ ಬಣ್ಣವಿಲ್ಲದ ಉಂಗುರ. ಇದಕ್ಕೆ ಬೇಕಾದ ಜಿಎ ಎಷ್ಟು ಗೊತ್ತಾ? ಲೀಟರಿಗೆ ಒಂದು ಮಿಲಿಗ್ರಾಂನ ಮೂರನೇ ಒಂದು ಭಾಗ ಸಾಕು! ಜೊತೆಗೆ ಅಬ್ಸಿಸಿಕ್ ಆಸಿಡ್ ಎಂಬ ಎದುರಾಳಿ ಹಾರ್ಮೋನ್ ಹಾಕಿದರೆ ಉಂಗುರ ಬರುವುದೇ ಇಲ್ಲ.

ಆ ಕಿಣ್ವ ಮೊದಲೇ ಕಾಳಿನಲ್ಲಿ ಅಡಗಿ ಕೂತಿತ್ತೋ, ಹೊಸದಾಗಿ ತಯಾರಾಯಿತೋ? 1967ರಲ್ಲಿ ಫಿಲ್ನರ್ ಮತ್ತು ವಾರ್ನರ್ ಎಂಬ ವಿಜ್ಞಾನಿಗಳು ಇದನ್ನು ತೀರ್ಮಾನಿಸಿದ ರೀತಿ ನನಗೆ ಇವತ್ತಿಗೂ ಇಷ್ಟ. ಅಲ್ಯೂರಾನ್ ಪದರಕ್ಕೆ ಭಾರವಾದ ಆಕ್ಸಿಜನ್ ಇರುವ ನೀರು ಕೊಟ್ಟರು. ಕೂಡಿಟ್ಟ ಪ್ರೋಟೀನ್ ಒಡೆಯುವಾಗ ಆ ಆಕ್ಸಿಜನ್ ಅಮೈನೋ ಆಮ್ಲಗಳಿಗೆ ಸೇರುತ್ತದೆ. ಅವುಗಳಿಂದ ಕಟ್ಟಿದ ಕಿಣ್ವವೂ ಭಾರವಾಗಿಯೇ ಬಂತು. ಹೊಸದೇ ಅಂತಾಯಿತಲ್ಲ. ಬರೀ ನೀರು ಬದಲಿಸಿ ಪಡೆದ ಉತ್ತರ ಅದು.

ಉಂಗುರ ನೋಡಲು ಚೆಂದ, ಆದರೆ ಲೆಕ್ಕಕ್ಕೆ ಸಾಲದು. ಲೆಕ್ಕಕ್ಕೆ ಡಿಎನ್‌ಎಸ್ ವಿಧಾನ, ಅಂದರೆ ಸಕ್ಕರೆ ಸಿಕ್ಕರೆ ಬಣ್ಣ ಬದಲಿಸುವ ರಾಸಾಯನಿಕ. ಪಿಷ್ಟದಿಂದ ಸಕ್ಕರೆ ಬಂದಷ್ಟೂ ಕುದಿಸಿದ ಟ್ಯೂಬು ಕೆಂಪಾಗುತ್ತದೆ, ಆ ಬಣ್ಣವನ್ನು 540 ನ್ಯಾನೋಮೀಟರ್ ಬೆಳಕಿನಲ್ಲಿ ಓದುತ್ತೇವೆ. ತೊಡಕೆಂದರೆ ಕಾಳಿನಲ್ಲೇ ಇರುವ ಬೀಟಾ ಅಮೈಲೇಸ್ ಎಂಬ ಇನ್ನೊಂದು ಕಿಣ್ವ ಕೂಡ ಸಕ್ಕರೆ ಕೊಡುತ್ತದೆ. ಅದಕ್ಕೇ ಕಾಳು ಅರೆದು ತೆಗೆದ ರಸಕ್ಕೆ ಕ್ಯಾಲ್ಸಿಯಂ ಸೇರಿಸಿ 70 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಡುತ್ತೇನೆ. ಬೀಟಾ ಸಾಯುತ್ತದೆ, ಆಲ್ಫಾ ತಡೆದುಕೊಳ್ಳುತ್ತದೆ. ಅದೇ ಆಲ್ಫಾಗೆ ಇಡಿಟಿಎ ಹಾಕಿ ಕ್ಯಾಲ್ಸಿಯಂ ಕಿತ್ತುಕೊಂಡು ನೋಡಿ, ಅದರ ಆಟವೂ ಮುಗಿಯುತ್ತದೆ.

ಇಷ್ಟು ಕಲಿತು ರಾಗಿಗೆ ಬಂದೆ. ಬೆಂಗಳೂರಿನಲ್ಲಿದ್ದು ರಾಗಿ ಮುಟ್ಟದೆ ಇರುವುದು ಹೇಗೆ? ಮೊಳಕೆ ರಾಗಿಯಲ್ಲೂ ಅಮೈಲೇಸ್ ಏರುತ್ತದೆ. ಮೊಳಕೆ ಹಿಟ್ಟಿನ ಗಂಜಿ ತೆಳ್ಳಗಾಗುವುದು ಅದರಿಂದಲೇ. ಘಮ್ಮೆನ್ನುವಂತೆ ಹುರಿದರೆ ಕಿಣ್ವ ಹೋಯಿತು. ಆದರೆ ಕಂದು ರಾಗಿಯ ಸಿಪ್ಪೆಯಲ್ಲಿ ಪಾಲಿಫಿನಾಲ್ ಜಾಸ್ತಿ. ಅರೆದ ಕೂಡಲೇ ಅವು ಪ್ರೋಟೀನಿಗೆ ಅಂಟಿಕೊಂಡು ಕಿಣ್ವವನ್ನು ಹಿಡಿದು ನಿಲ್ಲಿಸುತ್ತವೆ. ಅರೆಯುವಾಗಲೇ ಪಾಲಿಫಿನಾಲನ್ನು ಹಿಡಿದಿಡುವ ಪಿವಿಪಿಪಿ ಪುಡಿ ಹಾಕಿ, ಎಲ್ಲವನ್ನೂ ಐಸ್ ಮೇಲೆ ಇಟ್ಟುಕೊಂಡರೆ ಮಾತ್ರ ನಂಬುವಂಥ ಅಂಕಿ ಸಿಗುತ್ತದೆ.

ಸೈಟೊಕೈನಿನ್ ಎಂಬ ಇನ್ನೊಂದು ಸಸ್ಯ ಹಾರ್ಮೋನಿನ ಕಡೆಗೆ ನನ್ನನ್ನು ಎಳೆದದ್ದು 2005ರ ಭತ್ತದ ಸುದ್ದಿ. ಸೈಟೊಕೈನಿನ್ ಒಡೆಯುವ ಕಿಣ್ವದ ಜೀನ್ ಮಂಕಾದರೆ ತೆನೆ ಮೂಡುವ ಜಾಗದಲ್ಲಿ ಹಾರ್ಮೋನ್ ಉಳಿದು, ಕಾಳಿನ ಸಂಖ್ಯೆ ಹೆಚ್ಚುತ್ತದೆ ಎಂದು ಜಪಾನಿನವರು ತೋರಿಸಿದ್ದರು. ಹಾರ್ಮೋನ್ ಎಷ್ಟು ತಯಾರಾಗುತ್ತದೆ ಎನ್ನುವಷ್ಟೇ ಅದು ಎಷ್ಟು ಬೇಗ ಒಡೆಯುತ್ತದೆ ಎನ್ನುವುದೂ ಮುಖ್ಯ, ಅಲ್ವಾ?

ಸೈಟೊಕೈನಿನ್ ಒಡೆಯುವ ಈ ಕಿಣ್ವ ಬಲು ಸತಾಯಿಸುತ್ತದೆ. ಗಿಡದಲ್ಲಿ ಇರುವುದು ಸ್ವಲ್ಪ, ಕೆಲಸವೂ ನಿಧಾನ. ಅದು ಕೆಲಸ ಮಾಡಿದಂತೆಲ್ಲ ಡಿಸಿಪಿಐಪಿ ಎಂಬ ನೀಲಿ ಬಣ್ಣ ಮಾಸುವುದನ್ನು ನೋಡಿ ಅಳೆಯುತ್ತೇವೆ. ಆದರೆ ಎಲೆ ರಸದ ವಿಟಮಿನ್ ಸಿ ಕೂಡ ಅದೇ ಬಣ್ಣವನ್ನು ಕ್ಷಣದಲ್ಲಿ ತೆಗೆದುಬಿಡುತ್ತದೆ! ಹಾಗಾಗಿ ಮೊದಲು ರಸವನ್ನು ಜೆಲ್ ಕಾಲಂನಲ್ಲಿ ಹಾಯಿಸಿ ಸಣ್ಣ ಅಣುಗಳನ್ನು ಬೇರ್ಪಡಿಸಬೇಕು. ಪ್ರತಿ ಮಾದರಿಗೂ ಸೈಟೊಕೈನಿನ್ ಹಾಕದ ಜೋಡಿ ಟ್ಯೂಬು ಇರಬೇಕು. ಆ ಜೋಡಿ ಇಲ್ಲದ ಗ್ರಾಫು ತಂದರೆ ನನ್ನ ವಿದ್ಯಾರ್ಥಿಗಳನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತೇನೆ.